24 ಹಾಡಿಗೆ 19 ಲಕ್ಷ ಡಾಲರ್: ಅಮೆರಿಕದ ಕಾಪಿರೈಟ್ ಲೆಕ್ಕ ಹೀಗೇಕೆ?

[ತೆರೆಯ ಮೇಲೆ: 24 × 99 ಸೆಂಟ್ = 23.76 ಡಾಲರ್]

ನಮಸ್ಕಾರ. ಅಮೆರಿಕದ ಮಿನ್ನೆಸೋಟ ರಾಜ್ಯದ ಒಬ್ಬ ಮಹಿಳೆ ಕಜಾ ಎಂಬ ಸಾಫ್ಟ್‌ವೇರ್‌ನಲ್ಲಿ ಹಾಡುಗಳನ್ನು ಹಂಚಿದ್ದಾರೆ ಎಂದು ರೆಕಾರ್ಡ್ ಕಂಪನಿಗಳು ಕೇಸ್ ಹಾಕಿದವು. ಕೋರ್ಟಿನಲ್ಲಿ ಲೆಕ್ಕಕ್ಕೆ ಬಂದದ್ದು 24 ಹಾಡು. ಆ ಕಾಲಕ್ಕೆ ಐಟ್ಯೂನ್ಸ್‌ನಲ್ಲಿ ಹಾಡಿಗೆ 99 ಸೆಂಟ್. ಎಲ್ಲ ಸೇರಿದರೂ 24 ಡಾಲರ್ ದಾಟುವುದಿಲ್ಲ. 2007ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೋರ್ಟ್ ಕೂರಿಸಿದ ಸಾಮಾನ್ಯ ಜನರ ತಂಡ, ಹಾಕಿದ್ದು 2,22,000 ಡಾಲರ್!

ಎಲ್ಲಿಂದ ಬಂತು ಈ ಲೆಕ್ಕ?

ಹಾಡು ಕದ್ದಾಗ ನಷ್ಟ ಎಷ್ಟು ಎಂದು ತೋರಿಸುವುದು ತುಂಬಾ ಕಷ್ಟ. ನೆಟ್‌ನಲ್ಲಿ ಅದನ್ನು ಹತ್ತು ಜನ ಇಳಿಸಿಕೊಂಡರೋ, ಹತ್ತು ಸಾವಿರ ಜನವೋ? ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ. ಅದಕ್ಕೇ ಅಲ್ಲಿನ ಕಾನೂನು ಹಾಡಿನ ಒಡೆಯರಿಗೆ ಇನ್ನೊಂದು ದಾರಿ ಕೊಟ್ಟಿದೆ. ನಷ್ಟ ಸಾಬೀತು ಮಾಡುವ ಬದಲು, ಕಾನೂನೇ ಬರೆದಿಟ್ಟ ಮಿತಿಯೊಳಗೆ ಪರಿಹಾರ ಕೇಳಬಹುದು. ಇದೇ ಸ್ಟ್ಯಾಚುಟರಿ ಡ್ಯಾಮೇಜಸ್.

[ತೆರೆಯ ಮೇಲೆ: 750 – 30,000 – 1,50,000]

ಒಂದು ಕೃತಿಗೆ 750ರಿಂದ 30,000 ಡಾಲರ್. ಬೇಕೆಂದೇ ಮಾಡಿದ್ದರೆ 1,50,000ದವರೆಗೆ. ತಪ್ಪು ಎಂದು ಗೊತ್ತಾಗಲು ಕಾರಣವೇ ಇರಲಿಲ್ಲ ಎಂದು ಸಾಬೀತು ಮಾಡಿದವರಿಗೆ 200ಕ್ಕೆ ಇಳಿಸಬಹುದು.

'ಒಂದು ಕೃತಿಗೆ' ಎಂಬ ಮಾತನ್ನು ಗಮನಿಸಿ. ಎಷ್ಟು ಪ್ರತಿ ಹಂಚಿದಿರಿ ಎಂಬುದರ ಮೇಲೆ ಗುಣಾಕಾರ ಇಲ್ಲ, ಎಷ್ಟು ಕೃತಿ ಎಂಬುದರ ಮೇಲೆ ಮಾತ್ರ. ಒಡೆಯರು ಹಾಡುಗಳನ್ನು ಆಲ್ಬಮ್ಮಾಗಿ ಹೊರತಂದಿದ್ದರೆ ಇಡೀ ಆಲ್ಬಮ್ ಒಂದೇ ಕೃತಿ ಎಂದು 2010ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟ್ ಹೇಳಿತು. ಆಗ ಮೊತ್ತ ಸಾಕಷ್ಟು ಇಳಿಯುತ್ತದೆ.

ಈಗ ಮಿನ್ನೆಸೋಟಕ್ಕೆ ವಾಪಸ್ ಬರೋಣ. ಜ್ಯೂರಿಗೆ ತಾನು ಕಾನೂನು ತಪ್ಪಾಗಿ ವಿವರಿಸಿದೆ ಎಂದು ಜಡ್ಜ್ ಒಪ್ಪಿಕೊಂಡು ಮರುವಿಚಾರಣೆಗೆ ಹೇಳಿದರು. 2009ರಲ್ಲಿ ಎರಡನೇ ಜ್ಯೂರಿ ಹಾಡಿಗೆ 80,000ದಂತೆ 19,20,000 ಡಾಲರ್ ಹಾಕಿತು. ಇದು ಅತಿಯಾಯಿತು ಎಂದು ಜಡ್ಜ್ 54,000ಕ್ಕೆ ಇಳಿಸಿದರು. ಕಂಪನಿಗಳು ಒಪ್ಪಲಿಲ್ಲ. 2010ರಲ್ಲಿ ಮೂರನೇ ಜ್ಯೂರಿ ಕೊಟ್ಟ ಅಂಕಿ 15 ಲಕ್ಷ. ಜಡ್ಜ್ ಮತ್ತೆ 54,000 ಎಂದರು. ಕೊನೆಗೆ 2012ರಲ್ಲಿ ಮೇಲ್ಮನವಿ ಕೋರ್ಟ್ ಮೊದಲಿನ 2,22,000ಕ್ಕೇ ತಂದು ನಿಲ್ಲಿಸಿತು.

ಅದೇ ಹಾಡು, ಅದೇ ಮನುಷ್ಯೆ, ಅದೇ ಕಾನೂನು. ನನಗೆ ಬೇಜಾರಾಗುವುದು ಇಲ್ಲೇ. ನಷ್ಟ ತೋರಿಸಲಾಗದ ಬಡ ಕಲಾವಿದರಿಗೆ ಈ ಕಾನೂನು ನಿಜವಾದ ಆಸರೆ, ಅದು ಇರಲೇಬೇಕು. ಆದರೆ 750ಕ್ಕೂ 1,50,000ಕ್ಕೂ ನಡುವೆ ಎಲ್ಲಿ ನಿಲ್ಲಬೇಕು ಎಂದು ಕಾನೂನು ಹೇಳುವುದೇ ಇಲ್ಲ. 'ನ್ಯಾಯ ಅನ್ನಿಸಿದಷ್ಟು' ಎಂದು ಸುಮ್ಮನಾಗುತ್ತದೆ. ಲಾಭಕ್ಕಾಗಿ ಕದ್ದವರಿಗೂ ಮನೆಯಲ್ಲಿ ಕೂತು ಹಂಚಿದವರಿಗೂ ಬೇರೆ ಬೇರೆ ಮಿತಿ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು, ಹಾಡು ಮಾಡುವವರು ಇದನ್ನು ಗಮನವಿಟ್ಟು ಕೇಳಿ. ಈ ಪರಿಹಾರ ಬೇಕಿದ್ದರೆ ಅಮೆರಿಕದ ಕಾಪಿರೈಟ್ ಆಫೀಸಿನಲ್ಲಿ ಹಾಡು ನೋಂದಣಿ ಆಗಿರಬೇಕು. ಅದೂ ಕಳ್ಳತನ ಶುರುವಾಗುವ ಮೊದಲು, ಇಲ್ಲವೇ ಹಾಡು ಹೊರಬಂದ ಮೂರು ತಿಂಗಳೊಳಗೆ. ಬೇರೆ ದೇಶದ ಹಾಡಿಗೂ ಇದೇ ನಿಯಮ.

[ತೆರೆಯ ಮೇಲೆ: ಕ್ಯಾಲೆಂಡರ್]

ಜನವರಿ 1ಕ್ಕೆ ಹಾಡು ಬಂತು, ಫೆಬ್ರವರಿಯಲ್ಲಿ ಯಾರೋ ಕದ್ದರು ಅಂದುಕೊಳ್ಳಿ. ಮಾರ್ಚ್ 20ಕ್ಕೆ ನೋಂದಣಿ ಆದರೆ ಈ ಪರಿಹಾರ ಕೇಳಬಹುದು. ಮೇ ತಿಂಗಳಲ್ಲಿ ಮಾಡಿಸಿದರೆ ಆ ಕಳ್ಳತನಕ್ಕೆ ಅದು ಸಿಗುವುದಿಲ್ಲ, ವಕೀಲರ ಫೀಸೂ ವಾಪಸ್ ಬರುವುದಿಲ್ಲ. ಆಗ ನಿಮ್ಮ ನಷ್ಟವನ್ನೋ ಅವರ ಲಾಭವನ್ನೋ ನೀವೇ ಕೋರ್ಟಿನಲ್ಲಿ ತೋರಿಸಬೇಕು.