ನಾಲ್ವರ ಹೆಸರಿನ ಹಾಡುಗಳು

ಕೇಳುಗರಿಗೆ ನಮಸ್ಕಾರ. ಇವತ್ತು ಆರ್.ಇ.ಎಂ. ಎಂಬ ಅಮೆರಿಕದ ರಾಕ್ ತಂಡದ ಕಥೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಅಂತ ಒಂದು ಊರು. ವಿಶ್ವವಿದ್ಯಾಲಯ ಇರುವ ಊರು. ಅಲ್ಲಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಪೀಟರ್ ಬಕ್‌ಗೂ ರೆಕಾರ್ಡ್ ಕೊಳ್ಳಲು ಬರುತ್ತಿದ್ದ ವಿದ್ಯಾರ್ಥಿ ಮೈಕೇಲ್ ಸ್ಟೈಪ್‌ಗೂ ಸ್ನೇಹವಾಯಿತು. ಬಾಸ್ ಗಿಟಾರಿಗೆ ಮೈಕ್ ಮಿಲ್ಸ್, ಡ್ರಮ್ಸ್‌ಗೆ ಬಿಲ್ ಬೆರಿ ಬಂದು ಸೇರಿಕೊಂಡರು. 1980ರ ಏಪ್ರಿಲ್ 5ರಂದು ಒಂದು ಹಳೆಯ ಚರ್ಚಿನಲ್ಲಿ, ಹುಟ್ಟುಹಬ್ಬದ ಪಾರ್ಟಿಯಲ್ಲಿ ಮೊದಲ ಸಲ ನುಡಿಸಿದರು. ಆರ್.ಇ.ಎಂ. ಎಂಬ ಹೆಸರಿಟ್ಟದ್ದು ಆಮೇಲೆ.

ಇವರನ್ನು ಬೆಳೆಸಿದ್ದು ಬಾನುಲಿ. ದೊಡ್ಡ ಕೇಂದ್ರಗಳಲ್ಲ, ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕಾಲೇಜು ರೇಡಿಯೊಗಳು. 1983ರಲ್ಲಿ ಬಂದ ಮೊದಲ ಆಲ್ಬಂ 'ಮರ್ಮರ್'. ಅದರಲ್ಲಿ ಸ್ಟೈಪ್ ಏನು ಹಾಡುತ್ತಿದ್ದಾರೆ ಅನ್ನುವುದು ಇಂಗ್ಲಿಷ್ ಮನೆಮಾತಿನವರಿಗೂ ಸರಿಯಾಗಿ ತಿಳಿಯದು! ಆದರೂ 'ರೋಲಿಂಗ್ ಸ್ಟೋನ್' ಪತ್ರಿಕೆ ಮೈಕೇಲ್ ಜಾಕ್ಸನ್ನರ 'ಥ್ರಿಲ್ಲರ್' ಅನ್ನು ಹಿಂದಿಟ್ಟು ಇದನ್ನೇ ಆ ವರ್ಷದ ಆಲ್ಬಂ ಎಂದು ಆರಿಸಿತು. ಆಮೇಲೆ ಬಹುತೇಕ ವರ್ಷಕ್ಕೊಂದು ಆಲ್ಬಂ. 1988ರಲ್ಲಿ ವಾರ್ನರ್ ಎಂಬ ದೊಡ್ಡ ರೆಕಾರ್ಡ್ ಕಂಪನಿಗೆ ಹೋದರು.

ಹಾಡು ಯಾರೇ ಕಟ್ಟಲಿ, ರಚನೆ ಬೆರಿ, ಬಕ್, ಮಿಲ್ಸ್, ಸ್ಟೈಪ್ ಎಂದು ನಾಲ್ವರ ಹೆಸರಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿ. ದುಡ್ಡಿನಲ್ಲೂ ಸಮಪಾಲು. ಎಷ್ಟೋ ತಂಡಗಳು ಒಡೆಯುವುದೇ ಈ ಜಗಳದಲ್ಲಿ. ಇವರ ಬಾಳಿಕೆಯ ಗುಟ್ಟು ಇದೇ ಅಂತ ನನ್ನ ಲೆಕ್ಕ.

ಬಕ್ ಹೊಸದಾಗಿ ಮ್ಯಾಂಡೊಲಿನ್ ಕೊಂಡು ಟಿ.ವಿ. ನೋಡುತ್ತಾ ಕೈ ಪಳಗಿಸಿಕೊಳ್ಳುತ್ತಿದ್ದಾಗ ಹುಟ್ಟಿದ ರಾಗವೇ 'ಲೂಸಿಂಗ್ ಮೈ ರಿಲಿಜನ್'. ಮ್ಯಾಂಡೊಲಿನ್ ಮುಂದಿಟ್ಟ, ಪಲ್ಲವಿಯೇ ಇಲ್ಲದ ಈ ಹಾಡು 1991ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಅದರ ವಿಡಿಯೊ ಮಾಡಿದ್ದು ನಮ್ಮ ದೇಶದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಹಾಡಿಗೂ ವಿಡಿಯೊಗೂ ಗ್ರ್ಯಾಮಿ ಬಂತು.

ಮರುವರ್ಷದ 'ಆಟೋಮ್ಯಾಟಿಕ್ ಫಾರ್ ದ ಪೀಪಲ್' ಅವರ ಅತ್ಯುತ್ತಮ ಆಲ್ಬಂ. ಹೆಸರು ತೆಗೆದುಕೊಂಡದ್ದು ಅಥೆನ್ಸಿನ ಒಂದು ಊಟದ ಹೋಟೆಲಿನ ಬೋರ್ಡಿನಿಂದ! ಅದರಲ್ಲಿನ 'ಎವ್ರಿಬಡಿ ಹರ್ಟ್ಸ್' ಹೆಚ್ಚುಪಾಲು ಡ್ರಮ್ಮರ್ ಬೆರಿಯವರದೇ ರಚನೆ. ತಮಾಷೆ ನೋಡಿ, ಅದರಲ್ಲಿ ತಾಳ ಹಿಡಿಯುವುದು ಒಂದು ಅಗ್ಗದ ಡ್ರಮ್ ಮಷೀನು.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬೆರಿ ವೇದಿಕೆಯ ಮೇಲೇ ಕುಸಿದರು. ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಗಿ ಬದುಕಿಕೊಂಡರು, ಮತ್ತೆ ನುಡಿಸಿದರು. ಆದರೆ 1997ರಲ್ಲಿ ತಂಡ ಬಿಟ್ಟು ಕೃಷಿಗೆ ಇಳಿದರು. ತಾನು ಹೋದರೆ ತಂಡ ಮುರಿಯುತ್ತದೆ ಅನ್ನುವುದಾದರೆ ಹೋಗುವುದಿಲ್ಲ ಎಂದಿದ್ದರಂತೆ. ಉಳಿದ ಮೂವರು ಇನ್ನೂ ಐದು ಆಲ್ಬಂ ಮಾಡಿದರು. 1998ರ 'ಅಪ್' ನನಗೆ ಇಷ್ಟ. 2004ರ 'ಅರೌಂಡ್ ದ ಸನ್' ಸಪ್ಪೆ. ಹದಿನೈದನೆಯ ಆಲ್ಬಂ ಬಂದ ವರ್ಷವೇ, 2011ರ ಸೆಪ್ಟೆಂಬರಿನಲ್ಲಿ, ಜಗಳವಿಲ್ಲದೆ ತಂಡ ಮುಗಿಸಿದರು. 2024ರಲ್ಲಿ ಗೀತರಚನಕಾರರ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು ನಾಲ್ವರನ್ನೂ. ಆ ರಾತ್ರಿ ಬೆರಿಯೂ ಸೇರಿ ಎಲ್ಲರೂ ವೇದಿಕೆ ಹತ್ತಿ ಮ್ಯಾಂಡೊಲಿನ್ನಿನ ಆ ಹಾಡನ್ನೇ ನುಡಿಸಿದರು.

ಹೊಸದಾಗಿ ಕೇಳುವವರು 1992ರ ಆಲ್ಬಮ್ಮಿನಿಂದ ಶುರುಮಾಡಿ. ಈಗ ಅದರದೇ 'ನೈಟ್‌ಸ್ವಿಮಿಂಗ್' ಕೇಳೋಣ. ಪಿಯಾನೊ ಮಿಲ್ಸ್ ಅವರದು. ತಂತಿವಾದ್ಯಗಳನ್ನು ಹೊಂದಿಸಿದವರು ಲೆಡ್ ಜೆಪೆಲಿನ್ ತಂಡದ ಜಾನ್ ಪಾಲ್ ಜೋನ್ಸ್.