ಬಾಣಂತಿಯ ಬೆರಳು ಮಡಚದಿದ್ದರೆ

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿರುವ ಅಮ್ಮಂದಿರು, ಅತ್ತೆಯಂದಿರು ಒಲೆ ಸ್ವಲ್ಪ ಸಣ್ಣ ಮಾಡಿ ಕೇಳಿ. ಮನೆಯಲ್ಲಿ ಬಾಣಂತಿ ಇದ್ದಾಳಾ? ಬೆಳಿಗ್ಗೆ ಎದ್ದಾಗ ಮಗುವಿನ ಅಂಗಿ ಗುಂಡಿ ಹಾಕಲು ಅವಳಿಗೆ ಆಗುತ್ತಾ? ಬೆರಳ ಗೆಣ್ಣು ಊದಿಕೊಂಡು, ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದನ್ನು ವಾಯು ಅಂತ ತಳ್ಳಿಹಾಕಬೇಡಿ. ರುಮಟಾಯ್ಡ್ ಸಂಧಿವಾತ ಇರಬಹುದು, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಡಾಕ್ಟರಿಗೆ ತೋರಿಸಿ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳುತ್ತೇನೆ.

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅಂತ ಡಾಕ್ಟರ್ ಇದ್ದರು. 1929ರಲ್ಲಿ ಅವರ ರೋಗಿಯೊಬ್ಬರಿಗೆ ಕಾಮಾಲೆ ಬಂತು. ಬಂದದ್ದೇ ತಡ, ಹಳೆಯ ಕೀಲುನೋವು ಇಳಿಯತೊಡಗಿತು! ಹೆಂಚ್ ಅದನ್ನು ಅಲ್ಲಿಗೇ ಬಿಡಲಿಲ್ಲ. ಆಮೇಲೆ ಬಸುರಿಯರನ್ನು ಗಮನಿಸಿದರು. ವರ್ಷಗಟ್ಟಲೆ ನರಳಿದವರು ಬಸುರಿಯಾದ ಮೇಲೆ ಹಾಯಾಗಿ ಓಡಾಡುತ್ತಿದ್ದರು. ಹೆರಿಗೆಯಾಗಿ ಕೆಲವು ವಾರ ಕಳೆದರೆ ನೋವು ವಾಪಸ್. ನೋವು ತಣಿಸುವ ವಸ್ತು ನಮ್ಮ ಮೈಯಲ್ಲೇ ಇದೆ ಅಂತ ಅವರು ಹುಡುಕುತ್ತಲೇ ಹೋದರು. 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಅನ್ನುವ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು. ಹಾಸಿಗೆಯಲ್ಲಿ ಮಗ್ಗುಲಾಗಲೂ ಕಷ್ಟಪಡುತ್ತಿದ್ದವಳು ಕೆಲವೇ ದಿನಗಳಲ್ಲಿ ನಡೆದು ಪೇಟೆಗೆ ಹೋಗಿಬಂದಳು! 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಕಾರ್ಟಿಸೋನ್ ಹೆಣ್ಣು ಹಾರ್ಮೋನಲ್ಲ, ನಿಜ. ಆದರೆ ದಾರಿ ತೋರಿಸಿದವರಲ್ಲಿ ಆ ಬಸುರಿಯರೂ ಇದ್ದರು.

ಹೊತ್ತಾಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಸೀರೆಗೆ ಕಚ್ಚಿಕೊಳ್ಳುತ್ತೆ, ಅಲ್ವಾ? ಈ ಕಾಯಿಲೆಯಲ್ಲಿ ಕೀಲಿನ ರಕ್ತನಾಳದ ಒಳಗೋಡೆಯ ಮೇಲೆ ಅಂಥದೇ ಕೊಕ್ಕೆಗಳು ಜಾಸ್ತಿಯಾಗುತ್ತವೆ. ರಕ್ತದ ಬಿಳಿ ಕಣಗಳು ಅಲ್ಲಿ ಅಂಟಿಕೊಂಡು ಕೀಲಿನೊಳಗೆ ನುಗ್ಗುತ್ತವೆ. ಕೀಲಿನ ತೆಳು ಪೊರೆ ದಪ್ಪವಾಗಿ ಮೂಳೆಯನ್ನೇ ಕೊರೆಯುತ್ತದೆ. ಕೊಕ್ಕೆ ಹೆಚ್ಚೋ ಕಡಿಮೆಯೋ ಅನ್ನುವುದರಲ್ಲಿ ಹೆಣ್ಣು, ಗಂಡು ಹಾರ್ಮೋನುಗಳ ಪಾಲೂ ಇದೆ. ಬಸಿರಿನಲ್ಲಿ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹೆಣ್ಣು ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ದಢಕ್ಕನೆ ಇಳಿಯುತ್ತವೆ. ಬಾಣಂತನದಲ್ಲಿ ಕೀಲು ಕೆರಳುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಎಣ್ಣೆನೀರು ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮೂರು ತಿಂಗಳು ಬರೀ ಎಣ್ಣೆ ತಿಕ್ಕುತ್ತಾ ಕೂರಬೇಡಿ! ಅಷ್ಟರಲ್ಲಿ ಮೂಳೆ ಸವೆಯಲು ಶುರುವಾಗಿರಬಹುದು, ಸವೆದ ಮೂಳೆ ಮೊದಲಿನಂತೆ ಆಗುವುದಿಲ್ಲ. ಡಾಕ್ಟರಿಗೆ ತೋರಿಸಿ. ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ ಅಂತ ಮೊದಲೇ ಹೇಳಿ, ಅದಕ್ಕೆ ಹೊಂದುವ ಔಷಧಿಗಳಿವೆ.

ನಮಸ್ಕಾರ.