ಟೆಂಡರಿನ ಬಾಗಿಲು ಯಾರಿಗೆ ತೆರೆದಿದೆ?

ಕೇಳುಗರಿಗೆ ನಮಸ್ಕಾರ.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಸರ್ಕಾರಿ ಖರೀದಿಯಲ್ಲೂ ಬ್ರಿಟನ್ನಿನ ಕಂಪನಿಗಳಿಗೆ ಅವಕಾಶ ಎಂಬ ಸುದ್ದಿ ಬಂದ ಮೇಲೆ, ಟೆಂಡರ್ ಕಾಗದ ಸಿದ್ಧಪಡಿಸಿಕೊಳ್ಳಲು ನನ್ನಲ್ಲಿಗೆ ಬರುವ, ತುಮಕೂರು ಬಳಿಯ ವಸಂತನರಸಾಪುರದ ಸಣ್ಣ ಕೈಗಾರಿಕೆಯವರದು ಒಂದೇ ಪ್ರಶ್ನೆ: "ಇನ್ನು ನಮ್ಮ ಕಥೆ ಮುಗಿಯಿತೇ?"

ಮುಗಿದಿಲ್ಲ. ಆದರೆ ಹೆದರಬೇಕಾದ ಜಾಗವೇ ಬೇರೆ.

ಮೊದಲಿಗೆ, ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದ ಸದಸ್ಯನಲ್ಲ. 2010ರಿಂದ ಕೇವಲ ವೀಕ್ಷಕ. ಯಾವ ದೇಶಕ್ಕೆ ಎಷ್ಟು ಬಾಗಿಲು ತೆರೆಯಬೇಕೆಂಬುದನ್ನು ಒಂದೊಂದು ದೇಶದೊಡನೆ ಕುಳಿತು ತೀರ್ಮಾನಿಸುತ್ತದೆ. 2022ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದೊಂದಿಗೆ ಹಾಗೆ ಮಾಡಿತು, ಆಮೇಲೆ ಬ್ರಿಟನ್ನಿನೊಂದಿಗೆ. ಬ್ರಿಟನ್ನಿಗೆ ತೆರೆದಿರುವುದು ಕೇಂದ್ರ ಸರ್ಕಾರದ ಖರೀದಿ ಮಾತ್ರ. ನಮ್ಮ ಜಿಲ್ಲಾ ಪಂಚಾಯಿತಿ ಕರೆಯುವ ಟೆಂಡರಿಗೂ ಆ ಒಪ್ಪಂದಕ್ಕೂ ಸಂಬಂಧವೇ ಇಲ್ಲ. ಅದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮದಡಿ ನಡೆಯುವ ವ್ಯವಹಾರ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಮಾತು ಬೇರೆ. ಅದು ಕೇಂದ್ರದ ಉದ್ಯಮ, ಅಲ್ಲಿಗೆ ಸ್ವದೇಶಿ ಸರಕಿಗೆ ಆದ್ಯತೆ ಕೊಡುವ ಕೇಂದ್ರದ ಖರೀದಿ ಆದೇಶ ಅನ್ವಯಿಸುತ್ತದೆ. ಒಂದೇ ಜಿಲ್ಲೆಯ ಒಬ್ಬನೇ ಸರಬರಾಜುದಾರ ಹೀಗೆ ಎರಡು ಕಾನೂನುಗಳನ್ನು ಓದಿಕೊಂಡಿರಬೇಕು.

ಕೇಂದ್ರದ ಆದೇಶ 2017ರದ್ದು, 2020ರಲ್ಲಿ ಇನ್ನಷ್ಟು ಬಿಗಿಯಾಯಿತು. ಸರಕಿನ ಮೌಲ್ಯದಲ್ಲಿ ಶೇ 50 ಅಥವಾ ಅದಕ್ಕೂ ಹೆಚ್ಚು ಸ್ಥಳೀಯ ಅಂಶ, ಅಂದರೆ ಭಾರತದಲ್ಲೇ ಸೇರಿದ ಮೌಲ್ಯ, ಇದ್ದರೆ ಮೊದಲ ದರ್ಜೆಯ ಸರಬರಾಜುದಾರ, ಶೇ 20ರಿಂದ 50ರೊಳಗಿದ್ದರೆ ಎರಡನೇ ದರ್ಜೆ. ಅದಕ್ಕೂ ಕಡಿಮೆ ಇದ್ದವರು ಜಾಗತಿಕ ಟೆಂಡರ್ ಕರೆದಾಗ ಮಾತ್ರ ಬರಬಹುದು. ವಿಶೇಷ ಅನುಮತಿ ಇಲ್ಲದೆ, 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರನ್ನು ಕರೆಯುವಂತೆಯೇ ಇಲ್ಲ. ನಮ್ಮ ಘಟಕಗಳು ಕೈಹಾಕುವ ಮೊತ್ತ ಇದರ ಹತ್ತಿರಕ್ಕೂ ಬರುವುದಿಲ್ಲ. ಬ್ರಿಟನ್ನಿನ ಕಂಪನಿಗೆ ಸಿಕ್ಕಿರುವುದೂ ಎರಡನೇ ದರ್ಜೆಯ ಸ್ಥಾನವೇ. ಮೊದಲ ದರ್ಜೆಯವರ ಆದ್ಯತೆ ನಮ್ಮವರಿಗೇ ಉಳಿದಿದೆ.

ಈ ಆದ್ಯತೆಯನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಶೇ 20ರ ಆದ್ಯತೆ ಎಂದರೆ ಸರ್ಕಾರ ನಮಗೆ ಶೇ 20ರಷ್ಟು ಹೆಚ್ಚು ಹಣ ಕೊಡುತ್ತದೆ ಎಂದಲ್ಲ. ಎರಡನೇ ದರ್ಜೆಯವನೊಬ್ಬ ಒಂದು ಕೋಟಿಗೆ ದರ ನಮೂದಿಸಿ ಎಲ್-1, ಅಂದರೆ ಅತಿ ಕಡಿಮೆ ದರದವ, ಆದ ಎಂದಿಟ್ಟುಕೊಳ್ಳಿ. ಮೊದಲ ದರ್ಜೆಯ ನೀವು ಒಂದು ಕೋಟಿ ಹದಿನೈದು ಲಕ್ಷ ಹೇಳಿದ್ದೀರಿ, ಅಂದರೆ ಅವನ ದರಕ್ಕಿಂತ ಶೇ 20ರ ಅಂತರದೊಳಗೇ ಇದ್ದೀರಿ. ಸರಕು ಹಂಚಬಹುದಾದದ್ದಾದರೆ ಅರ್ಧ ಅವನಿಗೆ ಹೋಗುತ್ತದೆ, ಉಳಿದರ್ಧಕ್ಕೆ ನಿಮ್ಮನ್ನು ಕರೆದು, "ಅದೇ ದರಕ್ಕೆ ಕೊಡುತ್ತೀರಾ?" ಎಂದು ಕೇಳುತ್ತಾರೆ. ಒಪ್ಪಿದರೆ ಆರ್ಡರ್ ಸಿಗುತ್ತದೆ, ಲಾಭ ಉಳಿಯುತ್ತದೆಯೇ ಎಂಬುದು ನಿಮ್ಮ ಲೆಕ್ಕ. ಚೌಕಾಸಿಗೆ ಸಿಕ್ಕ ಕುರ್ಚಿ ಇದು, ಸಬ್ಸಿಡಿ ಅಲ್ಲ.

ಸ್ಥಳೀಯ ಅಂಶದ ಲೆಕ್ಕ ಇನ್ನೂ ಸೂಕ್ಷ್ಮ. ಹೊರದೇಶದ ಯಂತ್ರವನ್ನು ತಂದು, ಸಾಗಣೆ, ವಿಮೆ, ಅಳವಡಿಕೆ, ತರಬೇತಿ, ಮಾರಾಟದ ನಂತರದ ಸೇವೆ ಎಲ್ಲವನ್ನೂ ಸೇರಿಸಿ, "ಇಷ್ಟು ಇಲ್ಲಿಯದೇ" ಎಂದು ತೋರಿಸುವ ಚಾಳಿ ಇತ್ತು. ಇವು ಯಾವುವೂ ಸ್ಥಳೀಯ ಅಂಶವಾಗುವುದಿಲ್ಲ ಎಂದು 2021ರಲ್ಲೇ ಸ್ಪಷ್ಟಪಡಿಸಲಾಗಿದೆ. ಹತ್ತು ಕೋಟಿಯವರೆಗೆ ಸ್ವಯಂ ಘೋಷಣೆ ಸಾಕು, ಅದರ ಮೇಲೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು. ಸುಳ್ಳು ಘೋಷಿಸಿದರೆ ಎರಡು ವರ್ಷದವರೆಗೂ ಟೆಂಡರಿನಿಂದ ಹೊರಗಿಡಬಹುದು. ಬಿಡಿಭಾಗವನ್ನು ಸ್ಥಳೀಯ ವಿತರಕನಿಂದ ಕೊಂಡ ಮಾತ್ರಕ್ಕೆ ಅದು ಸ್ವದೇಶಿ ಆಗುವುದಿಲ್ಲ. ಬಿಲ್ಲು ತುಮಕೂರಿನದಾದರೂ ಬೇರಿಂಗ್ ಬಂದ ದೇಶ ಬೇರೆಯದೇ ಇರಬಹುದು.

ನಿಜವಾದ ವಿದೇಶಿ ಪಾಲು ಹೆಚ್ಚಾಗಿ ಟೆಂಡರಿನ ಬಾಗಿಲಿನಿಂದ ಬರುವುದೂ ಇಲ್ಲ. ಗುಬ್ಬಿಯಲ್ಲಿ ತಯಾರಾಗುವ ಲಘು ಹೆಲಿಕಾಪ್ಟರಿನ 'ಶಕ್ತಿ' ಹೆಸರಿನ ಎಂಜಿನ್ನು ಫ್ರಾನ್ಸಿನ ಸಫ್ರಾನ್ ಸಂಸ್ಥೆಯ ಜೊತೆ ಸೇರಿ ರೂಪಿಸಿದ್ದು. ಇಂಥ ಪಾಲುದಾರಿಕೆಯನ್ನು ನಾನೇನೂ ಆಕ್ಷೇಪಿಸುವುದಿಲ್ಲ.

ಹಾಗಾದರೆ ಸಣ್ಣವರನ್ನು ತಡೆಯುವುದು ಯಾವುದು? ಟೆಂಡರ್ ದಾಖಲೆಯಲ್ಲಿರುವ ಅರ್ಹತಾ ಷರತ್ತುಗಳು. ಮೂರು ವರ್ಷದ ಸರಾಸರಿ ವಹಿವಾಟು ಇಷ್ಟಿರಬೇಕು, ಇದೇ ಸರಕನ್ನು ಸರ್ಕಾರಕ್ಕೆ ಮೊದಲೇ ಸರಬರಾಜು ಮಾಡಿದ ಪತ್ರ ಬೇಕು. ಹಿಂದೆ ಆರ್ಡರ್ ಸಿಗದವನಿಗೆ ಮುಂದೆಯೂ ಸಿಗದಂತೆ ಮಾಡಲು ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ನನಗೆ ತೋಚದು. ಕಚೇರಿಯೊಂದರ ಟೆಂಡರಿನಲ್ಲಿ ಪಂಪಿನ ಅಳತೆ, ತೂಕ, ಬಣ್ಣ ಸಮೇತ ಒಂದು ವಿದೇಶಿ ಬ್ರಾಂಡಿನ ಕ್ಯಾಟಲಾಗನ್ನೇ ನಕಲು ಮಾಡಿದ್ದರು. "ಅಥವಾ ಸಮಾನ ಗುಣಮಟ್ಟದ್ದು" ಎಂಬ ಮಾತು ಎಲ್ಲೂ ಇರಲಿಲ್ಲ. ಅಲ್ಲಿ ವಿದೇಶಿ ಸರಕನ್ನು ಒಳಗೆ ಕರೆದದ್ದು ಒಪ್ಪಂದವಲ್ಲ, ನಮ್ಮದೇ ಕಚೇರಿಯ ಬೆರಳಚ್ಚು.

ಇದನ್ನು ಪ್ರಶ್ನಿಸುವ ಹೊತ್ತು ಬಿಡ್ ತೆರೆದ ಮೇಲಲ್ಲ. ಬಿಡ್-ಪೂರ್ವ ಸಭೆ ಇದ್ದರೆ ಹೋಗಿ, ಇಲ್ಲದಿದ್ದರೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೇಂದ್ರದ ಖರೀದಿಗಳಲ್ಲಿ ಸಣ್ಣ ಉದ್ಯಮಗಳಿಗೆ, ಗುಣಮಟ್ಟ ಪೂರೈಸಿದರೆ, ವಹಿವಾಟು ಮತ್ತು ಅನುಭವದ ಷರತ್ತನ್ನು ಸಡಿಲಿಸುವ ಅವಕಾಶವಿದೆ. ಅದನ್ನು ಉಲ್ಲೇಖಿಸಿಯೇ ಪತ್ರ ಬರೆಯಿರಿ. ರಾಜ್ಯದ ಟೆಂಡರಿನಲ್ಲಿ ಟೆಂಡರ್ ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ಅನ್ಯಾಯವಾಗಿದೆ ಎನಿಸಿದರೆ 1999ರ ಅಧಿನಿಯಮದ 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಇರುವ ಅವಧಿ ಆದೇಶ ಕೈಸೇರಿದ ದಿನದಿಂದ 30 ದಿನ, ಹಾಗಾಗಿ ಲಕೋಟೆಯನ್ನೂ ಎಸೆಯಬೇಡಿ.